ಓಎಸ್ ಹಾಕೋವಾಗ ಬೂಟ್ ಆಗ್ತಿಲ್ವಾ? ಮತ್ತೆ ಫಾರ್ಮ್ಯಾಟ್ ಹೊಡೆಯೋಕ್ಕೆ ಮುಂಚೆ ಇದನ್ನ ಓದಿ

ಮಂಡ್ಯದಲ್ಲಿರೋ ನಮ್ಮತ್ತೆ ಮಗ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡ, ಒಂದೇ ವಾರದಲ್ಲಿ ಅದಕ್ಕೆ ಮೂರು ಸಲ ವಿಂಡೋಸ್ ಹಾಕಿದಾನೆ. ಸಾಯಂಕಾಲ ಹಾಕ್ತಾನೆ, ಚೆನ್ನಾಗೇ ಓಡತ್ತೆ, ರಾತ್ರಿ ಆಫ್ ಮಾಡಿ ಮಲಗ್ತಾನೆ, ಬೆಳಿಗ್ಗೆ ಎದ್ದು ಆನ್ ಮಾಡಿದ್ರೆ ನೀಲಿ ಸ್ಕ್ರೀನು. "ಅಣ್ಣೋ, ಇವತ್ತೂ ಹೋಯ್ತು ಕಣಣ್ಣೋ" ಅಂತ ಫೋನು. ನಾನು ಮೈಸೂರಿಂದ ಭಾನುವಾರ ಹೋಗಿ ನೋಡಿದ್ರೆ ವಿಂಡೋಸ್‌ದು ಏನೂ ತಪ್ಪೇ ಇರಲಿಲ್ಲ. ಏನಾಗಿತ್ತು ಅಂತ ಆಮೇಲೆ ಹೇಳ್ತೀನಿ, ಮೊದಲು ಇಂಥದ್ದು ನಿಮಗೆ ಬಂದ್ರೆ ಎಲ್ಲಿಂದ ಹುಡುಕೋದು ಅಂತ ನೋಡೋಣ.

ಮಂಡ್ಯದಿಂದ ಮೈಸೂರಿಗೆ ದಿನಾ ಪ್ಯಾಸೆಂಜರ್ ಗಾಡೀಲಿ ಓಡಾಡೋರಿಗೆ ಇದು ಬೇಗ ಅರ್ಥ ಆಗತ್ತೆ. ಗಾಡಿ ಲೇಟು ಅಂದ್ರೆ ಮೊದಲು ಕೇಳೋದು "ಎಲ್ಲಿ ನಿಂತಿದೆ" ಅಂತ ತಾನೆ? ಮಂಡ್ಯನೇ ಬಿಟ್ಟಿಲ್ವಾ, ಪಾಂಡವಪುರದಲ್ಲಿ ನಿಂತಿದ್ಯಾ, ಇಲ್ಲಾ ನಾಗನಹಳ್ಳಿವರೆಗೂ ಬಂದು ಸಿಗ್ನಲ್‌ಗೆ ಕಾಯ್ತಿದ್ಯಾ. ಬೂಟ್, ಅಂದ್ರೆ ಆನ್ ಮಾಡಿದ್ಮೇಲೆ ಮೆಷಿನ್ ಎದ್ದು ಓಎಸ್‌ವರೆಗೂ ಬರೋದು, ಅದೂ ಹಂಗೇ. ಪವರ್ ಬಂತಾ, ಕಂಪನಿ ಲೋಗೋ ಬಂತಾ, ಓಎಸ್ ಹಾಕೋ ಪೆನ್‌ಡ್ರೈವ್ ಸಿಕ್ತಾ, ಡಿಸ್ಕ್ ಕಾಣ್ತಾ, ಬೂಟ್‌ಲೋಡರ್ (ಓಎಸ್ಸನ್ನ ಎಬ್ಬಿಸೋ ಸಣ್ಣ ಪ್ರೋಗ್ರಾಂ) ಬಂತಾ, ಅದಾದ್ಮೇಲೆ ಓಎಸ್ಸು, ಅಂದ್ರೆ ವಿಂಡೋಸೋ ಲಿನಕ್ಸೋ. ಎಲ್ಲಿ ನಿಂತಿದೆ ಅಂತ ನೋಡ್ಕೊಳ್ದೆ ಎಲ್ಲದಕ್ಕೂ ಫಾರ್ಮ್ಯಾಟ್ ಹೊಡಿಯೋದು, ಗಾಡಿ ಲೇಟಾಯ್ತು ಅಂತ ವಾಪಸ್ ಮಂಡ್ಯಕ್ಕೆ ಹೋಗಿ ಹೊಸ ಟಿಕೆಟ್ ತಗೊಂಡಂಗೆ.

ಲೋಗೋನೇ ಬರ್ತಿಲ್ಲ ಅಂದ್ರೆ ಓಎಸ್ ವಿಷಯನೇ ಮರೆತುಬಿಡಿ. ಮಾನಿಟರ್ ಕೇಬಲ್ ನೋಡಿ, ಕರೆಂಟ್ ತೆಗೆದು ರ‍್ಯಾಮ್ ಬಿಚ್ಚಿ ಅದರ ಹಳದಿ ಕಾಂಟ್ಯಾಕ್ಟನ್ನ ಪೆನ್ಸಿಲ್ ರಬ್ಬರಲ್ಲಿ ಮೆತ್ತಗೆ ಉಜ್ಜಿ, ಟಕ್ ಅನ್ನೋವರೆಗೂ ಒತ್ತಿ ಕೂರಿಸಿ. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಸರಿಹೋಗಿರೋದು ಎಷ್ಟೋ ಇದೆ.

ಲೋಗೋ ಬಂತು, ಆದ್ರೆ ಪೆನ್‌ಡ್ರೈವಿಂದ ಬೂಟ್ ಆಗ್ತಿಲ್ಲ. ಇಲ್ಲಿ ಜನ ಮಾಡೋ ಮೊದಲನೇ ತಪ್ಪು ಐಎಸ್‌ಓ ಫೈಲನ್ನ (ಇಡೀ ಓಎಸ್ ಒಂದೇ ಫೈಲಲ್ಲಿ ಕಟ್ಟಿರೋದು) ಹಾಡು ಕಾಪಿ ಮಾಡಿದಂಗೆ ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡೋದು, ಅದು ಆಗಲ್ಲ, ರೂಫಸ್ ಥರ ಟೂಲ್ ಹಾಕಿ ಬರೀಬೇಕು, ಇಲ್ಲಾ ವೆಂಟಾಯ್ ಒಂದ್ಸಲ ಇನ್‌ಸ್ಟಾಲ್ ಮಾಡ್ಕೊಂಡ್ರೆ ಆಮೇಲೆ ನಿಜವಾಗ್ಲೂ ಕಾಪಿ ಮಾಡಿದ್ರೆ ಸಾಕು. ನನಗೆ ವೆಂಟಾಯೇ ಇಷ್ಟ, ಒಂದೇ ಪೆನ್‌ಡ್ರೈವಲ್ಲಿ ವಿಂಡೋಸೂ ಇರತ್ತೆ ಲಿನಕ್ಸ್ ಮಿಂಟೂ ಇರತ್ತೆ. ಆದ್ರೆ ಸೆಕ್ಯೂರ್ ಬೂಟ್ (ನಂಬಿಕೆ ಇಲ್ಲದ ಪ್ರೋಗ್ರಾಂ ಬೂಟ್ ಆಗದಂಗೆ ತಡೆಯೋ ಸೆಟ್ಟಿಂಗು) ಆನ್ ಇರೋ ಮೆಷಿನ್ನಲ್ಲಿ ಮೊದಲ ಸಲ ಹಾಕಿದಾಗ ಒಂದು ನೀಲಿ ಪರದೆ ಬಂದು ಸೆಕ್ಯೂರಿಟಿ ವಯಲೇಷನ್ ಅಂತ ಹೆದರಿಸತ್ತೆ, ಹೆದರ್ಬೇಡಿ, ಅಲ್ಲಿ ಎನ್‌ರೋಲ್ ಕೀ ಅಂತ ಕೊಟ್ಟು, ವೆಂಟಾಯ್ ಪಾರ್ಟಿಷನ್ನಲ್ಲಿರೋ ಕೀ ಫೈಲ್ ಆರಿಸಿ ರೀಬೂಟ್ ಮಾಡಿದ್ರೆ ಆ ಮೆಷಿನ್‌ಗೆ ಮತ್ತೆ ಕೇಳಲ್ಲ.

ಎಲ್ಲಿಂದ ಬೂಟ್ ಆಗ್ಬೇಕು ಅಂತ ಆರಿಸೋ ಬೂಟ್ ಮೆನು ತೆಗೆಯೋ ಕೀ ಒಂದೊಂದು ಕಂಪನಿಗೆ ಒಂದೊಂದು. ಡೆಲ್, ಲೆನೊವೊ ಸಾಮಾನ್ಯವಾಗಿ ಎಫ್12, ಎಚ್‌ಪಿಗೆ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಏಸಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್, ಗಿಗಾಬೈಟ್ ಬೋರ್ಡ್‌ಗೆ ಎಫ್12, ಎಂಎಸ್ಐಗೆ ಎಫ್11. ಏಸರಲ್ಲಿ ಎಷ್ಟೋ ಸಲ ಎಫ್12 ಆಫ್ ಆಗಿರತ್ತೆ, ಎಫ್2 ಒತ್ತಿ ಬಯೋಸ್ (ಓಎಸ್‌ಗೂ ಮುಂಚೆ ಬರೋ, ಮೆಷಿನ್ನಿನ ಸ್ವಂತ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ಆನ್ ಮಾಡ್ಬೇಕು. ಪವರ್ ಒತ್ತಿದ ತಕ್ಷಣದಿಂದ ಟಕಟಕ ಅಂತ ಒತ್ತುತಾನೇ ಇರಿ, ಲೋಗೋ ಬಂದ್ಮೇಲೆ ನಿಧಾನಕ್ಕೆ ಒತ್ತಿದ್ರೆ ಗಾಡಿ ಹೋಗಿರತ್ತೆ.

ಈಗ ಆ ಬೂಟ್ ಮೆನುನಲ್ಲಿ ಕಣ್ಣಿಟ್ಟು ನೋಡಿ. ಬಹಳ ಮೆಷಿನ್ನಲ್ಲಿ ನಿಮ್ಮ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣತ್ತೆ, ಒಂದರಲ್ಲಿ ಹೆಸರಿನ ಜೊತೆ ಯುಇಎಫ್ಐ ಅಂತ ಇರತ್ತೆ, ಇನ್ನೊಂದು ಬರೀ ಹೆಸರು. ಎರಡೂ ಒಂದೇ ಅನ್ಕೊಂಡು ಯಾವುದೋ ಒಂದು ಒತ್ತಿಬಿಡ್ತೀವಿ, ಅರ್ಧ ತಲೆನೋವು ಶುರುವಾಗೋದೇ ಇಲ್ಲಿಂದ. ಯುಇಎಫ್ಐ ಅಂತ ಬರೆದಿರೋದು ಬೂಟ್ ಆಗೋ ಹೊಸ ದಾರಿ, ಅದಕ್ಕೆ ಡಿಸ್ಕಿನ ಪಾರ್ಟಿಷನ್ ಪಟ್ಟಿ ಜಿಪಿಟಿ ಅನ್ನೋ ಹೊಸ ಥರದ್ದಾಗಿರ್ಬೇಕು ಅನ್ನತ್ತೆ ವಿಂಡೋಸು. ಬರೀ ಹೆಸರಿರೋದು ಹಳೇ ಲೆಗಸಿ ದಾರಿ, ಅದಕ್ಕೆ ಎಂಬಿಆರ್ ಅನ್ನೋ ಹಳೇ ಥರದ ಪಟ್ಟಿ ಬೇಕು. ಪೆನ್‌ಡ್ರೈವ್ ಒಂದು ದಾರೀಲಿ ಬಂದು ಡಿಸ್ಕ್ ಇನ್ನೊಂದು ದಾರೀಲಿದ್ರೆ "ಈ ಡಿಸ್ಕಿಗೆ ವಿಂಡೋಸ್ ಹಾಕಕ್ಕಾಗಲ್ಲ" ಅಂತ ಇನ್‌ಸ್ಟಾಲರ್ ಕೈ ಎತ್ತಿಬಿಡತ್ತೆ, ಡಿಸ್ಕ್ ಹೋಗಿದೆ ಅಂತ ಅರ್ಥ ಅಲ್ಲ ಅದು.

ಯುಇಎಫ್ಐ ದಾರೀಲಿ ಬಂದಿದ್ದು, ಡಿಸ್ಕಲ್ಲಿ ಬೇಕಾಗಿರೋದು ಏನೂ ಇಲ್ಲ ಅಂದ್ರೆ ಆ ಪರದೆಯಲ್ಲೇ ಶಿಫ್ಟ್ ಜೊತೆ ಎಫ್10 ಒತ್ತಿ, ಕಪ್ಪು ವಿಂಡೋ ಬರತ್ತೆ, ಡಿಸ್ಕ್‌ಪಾರ್ಟ್ ಓಡಿಸಿ, ಲಿಸ್ಟ್ ಡಿಸ್ಕ್ ಕೊಡಿ, ಸರಿಯಾದ ಡಿಸ್ಕ್ ಸೆಲೆಕ್ಟ್ ಮಾಡಿ ಕ್ಲೀನ್ ಕೊಟ್ಟು ಕನ್ವರ್ಟ್ ಜಿಪಿಟಿ ಕೊಡಿ. ಕ್ಲೀನ್ ಅಂದ್ರೆ ಇಡೀ ಡಿಸ್ಕ್ ಗುಡಿಸಿ ಹಾಕತ್ತೆ, ಡಿ ಡ್ರೈವಲ್ಲಿರೋ ಮದುವೆ ಫೋಟೋನೂ ಸೇರಿಸಿ. ಜಿಬಿ ಲೆಕ್ಕ ಎರಡೆರಡು ಸಲ ನೋಡಿ, ಪಕ್ಕದಲ್ಲಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ಮೊದಲು ಕಿತ್ತು ಪಕ್ಕಕ್ಕಿಡಿ. ಡೇಟಾ ಇದೆ ಅಂದ್ರೆ ಮೊದಲು ಅದನ್ನ ಬೇರೆ ಕಡೆ ತೆಗೀರಿ.

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು ಅಂತ ಹಳೇ ಮೆಷಿನ್‌ಗೆಲ್ಲಾ 11 ಹಾಕೋಕ್ಕೆ ಹೊರಟಿದಾರೆ ಜನ. ಅದಕ್ಕೆ ಟಿಪಿಎಂ 2.0 (ಕೀಗಳನ್ನ ಭದ್ರವಾಗಿಡೋ ಚಿಪ್) ಬೇಕು, ಸೆಕ್ಯೂರ್ ಬೂಟ್ ಬೇಕು, 4 ಜಿಬಿ ರ‍್ಯಾಮು 64 ಜಿಬಿ ಜಾಗ ಬೇಕು, ಇಂಟೆಲ್ ಪ್ರೊಸೆಸರ್ ಆದ್ರೆ ಲೆಕ್ಕದ ಪ್ರಕಾರ 8ನೇ ಜನರೇಷನ್ನು ಇಲ್ಲಾ ಅದಕ್ಕಿಂತ ಹೊಸದು. ಇಲ್ಲ ಅಂದ್ರೆ ಗುದ್ದಾಡ್ಬೇಡಿ, ಲಿನಕ್ಸ್ ಮಿಂಟ್ ಹಾಕ್ಕೊಳಿ, ಬ್ರೌಸಿಂಗು, ಟೈಪಿಂಗು ಅಂದ್ರೆ ಧಾರಾಳ ಸಾಕು.

ಇನ್‌ಸ್ಟಾಲರ್ ಬಂತು, ಡಿಸ್ಕೇ ಕಾಣ್ತಿಲ್ಲ ಅಂದ್ರೆ? ಬಯೋಸಲ್ಲಿ ಡಿಸ್ಕ್ ಹೆಸರು ಬರತ್ತಾ ನೋಡಿ. ಅಲ್ಲೂ ಇಲ್ಲ ಅಂದ್ರೆ ಕೇಬಲ್ಲು, ಇಲ್ಲಾ ಡಿಸ್ಕೇ ಹೋಗಿದೆ. ಅಲ್ಲಿದೆ, ಇನ್‌ಸ್ಟಾಲರಲ್ಲಿ ಇಲ್ಲ ಅಂದ್ರೆ ಬಹುತೇಕ ಬಯೋಸಲ್ಲಿ ಸ್ಟೋರೇಜ್ ಮೋಡ್ (ಬೋರ್ಡು ಡಿಸ್ಕ್ ಜೊತೆ ಮಾತಾಡೋ ರೀತಿ) ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇರತ್ತೆ, ಇಂಟೆಲ್ 11ನೇ ಜನರೇಷನ್ನಿಂದ ಈಚಿನ ಲ್ಯಾಪ್‌ಟಾಪಲ್ಲಿ ವಿಎಂಡಿ ಅಂತಾರೆ. ಎರಡು ದಾರಿ ಇದೆ. ಲ್ಯಾಪ್‌ಟಾಪ್ ಕಂಪನಿ ಸೈಟಿಂದ ಆ ಡ್ರೈವರ್ ತಂದು ಬಿಚ್ಚಿ ಪೆನ್‌ಡ್ರೈವಲ್ಲಿ ಹಾಕ್ಕೊಂಡು ಲೋಡ್ ಡ್ರೈವರ್ ಕೊಡೋದು, ಇಲ್ಲಾ ಬಯೋಸಲ್ಲಿ ಎಎಚ್‌ಸಿಐ ಅನ್ನೋ ಸಾಮಾನ್ಯ ಮೋಡ್‌ಗೆ ಬದಲಾಯಿಸೋದು. ಈ ಎರಡನೇದು ಸುಲಭ, ಆದ್ರೆ ಆಗಲೇ ಒಂದು ವಿಂಡೋಸ್ ಇರೋ ಡಿಸ್ಕಲ್ಲಿ ಮೋಡ್ ಬದಲಾಯಿಸಿದ್ರೆ ಆ ಹಳೇ ವಿಂಡೋಸ್ ಬೂಟ್ ಆಗಲ್ಲ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನೀಲಿ ಸ್ಕ್ರೀನ್ ಕೊಡತ್ತೆ. ಇದನ್ನ ನೆನಪಿಟ್ಕೊಳಿ, ಅತ್ತೆ ಮಗನ ಕಥೆಗೆ ಬೇಕು.

ಹೊಸ ಲ್ಯಾಪ್‌ಟಾಪಲ್ಲಿ ಬಯೋಸ್ ಮುಟ್ಟೋ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ಯಾ ನೋಡ್ಕೊಳಿ. ಸೆಕ್ಯೂರ್ ಬೂಟ್ ಆಫ್ ಮಾಡಿದ್ರೂ 48 ಅಂಕಿಯ ರಿಕವರಿ ಕೀ ಕೇಳಿಬಿಡಬಹುದು. ಆ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಲ್ಲಿರತ್ತೆ, ಮೊದಲೇ ಒಂದು ಹಾಳೇಲಿ ಬರ್ಕೊಳಿ.

ಅರ್ಧ ಇನ್‌ಸ್ಟಾಲ್ ಆಗಿ ರೀಸ್ಟಾರ್ಟ್ ಆಗಿ ಮತ್ತೆ ಮೊದಲಿಂದ ಭಾಷೆ ಆರಿಸು ಅಂತ ಕೇಳ್ತಿದ್ರೆ ಅದು ಪೆನ್‌ಡ್ರೈವಿಂದನೇ ಮತ್ತೆ ಬೂಟ್ ಆಗ್ತಿದೆ ಅಷ್ಟೇ, ಪೆನ್‌ಡ್ರೈವ್ ಕಿತ್ತು ಪಕ್ಕಕ್ಕಿಟ್ಟು ರೀಸ್ಟಾರ್ಟ್ ಮಾಡಿ.

ಉಬುಂಟು, ಮಿಂಟ್ ಥರ ಲಿನಕ್ಸಲ್ಲಿ ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಮೆನು ಬಂದು ಆಮೇಲೆ ಪರದೆ ಕಪ್ಪಗಾದ್ರೆ, ಎನ್‌ವಿಡಿಯಾ ಕಾರ್ಡ್ ಇದ್ರಂತೂ, ಗ್ರಾಫಿಕ್ಸ್ ಮೇಲೆ ಡೌಟ್ ಪಡಿ. ಗ್ರಬ್ಬಲ್ಲಿ ಇ ಅಕ್ಷರ ಒತ್ತಿ, ಲಿನಕ್ಸ್ ಅಂತ ಶುರುವಾಗೋ ಸಾಲಲ್ಲಿ ಕ್ವಯಟ್ ಸ್ಪ್ಲ್ಯಾಷ್ ಆದ್ಮೇಲೆ ಒಂದು ಸ್ಪೇಸ್ ಬಿಟ್ಟು ನೋಮೋಡ್‌ಸೆಟ್ (nomodeset) ಅಂತ ಎಲ್ಲಾ ಸಣ್ಣಕ್ಷರದಲ್ಲಿ ಒಂದೇ ಪದವಾಗಿ ಹಾಕಿ ಎಫ್10 ಒತ್ತಿ. ಒಳಗೆ ಹೋದ್ಮೇಲೆ ಸರಿಯಾದ ಡ್ರೈವರ್ ಹಾಕ್ಕೊಳಿ. ಇನ್ನು ವಿಂಡೋಸಲ್ಲಿ ಕೂತು ಲಿನಕ್ಸ್ ಪಾರ್ಟಿಷನ್ ಅಳಿಸಿ ಗ್ರಬ್ ರೆಸ್ಕ್ಯೂ ಅಂತ ಬರಿಸ್ಕೊಂಡೋರು, ಯುಇಎಫ್ಐ ಮೆಷಿನ್ ಆದ್ರೆ ಬೂಟ್ ಮೆನುಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದ್ರೆ ಸಾಕು, ವಿಂಡೋಸ್ ಎಲ್ಲೂ ಹೋಗಿಲ್ಲ.

ಈಗ ನಮ್ಮ ಹುಡುಗನ ಕಥೆ. ನಾನು ಹೋಗಿ ಬಯೋಸ್ ತೆಗೆದ್ರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿದೆ. "ಏನೋ ಇದು, ದಿನಾ ಹಿಂಗೇ ಬರತ್ತಾ?" ಅಂದೆ. "ಹೂಂ ಅಣ್ಣ, ಡಿಸ್ಕೂ ದಿನಾ ಕಾಣಲ್ಲ, ಎಎಚ್‌ಸಿಐ ಮಾಡ್ಕೊಂಡೇ ವಿಂಡೋಸ್ ಹಾಕೋದು" ಅಂದ. ಅಷ್ಟೊತ್ತಿಗೆ ಅತ್ತೆ ಕಾಫಿ ತಂದು, "ರಾತ್ರಿಯೆಲ್ಲಾ ಯಾಕಪ್ಪಾ ಕರೆಂಟ್ ಉರೀಬೇಕು ಅಂತ ನಾನೇ ಗೋಡೆ ಸ್ವಿಚ್ ಆರಿಸ್ತೀನಿ" ಅಂದ್ರು. ಗೊತ್ತಾಯ್ತಲ್ಲ? ಕರೆಂಟ್ ಇಲ್ದಾಗ ಬಯೋಸ್ ಸೆಟ್ಟಿಂಗು, ತಾರೀಖು ಉಳಿಸೋ, ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತೋಗಿತ್ತು. ಗೋಡೆ ಸ್ವಿಚ್ ಆನ್ ಇರೋವರೆಗೂ ಬಯೋಸ್ ಸೆಟ್ಟಿಂಗ್ ಉಳೀತಿತ್ತು, ಆರಿಸಿದ ತಕ್ಷಣ ಎಲ್ಲಾ ಮರೆತು ರೇಡ್ ಮೋಡ್‌ಗೆ ವಾಪಸ್, ಬೆಳಿಗ್ಗೆ ನೀಲಿ ಸ್ಕ್ರೀನ್. ಮೀಟರಲ್ಲಿ ನೋಡಿದ್ರೆ 3 ವೋಲ್ಟ್ ಇರ್ಬೇಕಾಗಿದ್ದ ಸೆಲ್ಲು 1 ವೋಲ್ಟೂ ತೋರಿಸ್ಲಿಲ್ಲ.

ಮೂಲೆ ಅಂಗಡೀಲಿ ಹೊಸ ಸೆಲ್ ತಂದು ಹಾಕಿ, ತಾರೀಖು ಸರಿ ಮಾಡಿ, ಮೋಡ್ ಎಎಚ್‌ಸಿಐಗೆ ಇಟ್ಟು, ಪೆನ್‌ಡ್ರೈವ್ ಕಿತ್ತು ಆನ್ ಮಾಡಿದ್ವಿ. ಹಿಂದಿನ ದಿನ ಹಾಕಿದ್ದ ವಿಂಡೋಸೇ ಬಂತು, ಅವನು ಇಳಿಸ್ಕೊಂಡಿದ್ದ ಗೇಮ್ ಸಮೇತ. ಅವನು ಸುಮ್ನೆ ಪೆನ್‌ಡ್ರೈವ್ ನೋಡ್ತಾ ಕೂತಿದ್ದ, ಅತ್ತೆ ಮಾತ್ರ "ಸ್ವಿಚ್ ಇನ್ಮೇಲೂ ಆರಿಸ್ಬೋದಾ?" ಅಂದ್ರು. ಧಾರಾಳವಾಗಿ ಆರಿಸಿ ಅತ್ತೆ ಅಂದೆ.