ಈ ಸಲ ಯಾರು ಬರುತ್ತಾರೆ? ಲೋಕಸಭೆ ಫಲಿತಾಂಶವನ್ನು ನೀವೇ ಅಂದಾಜು ಮಾಡುವ ಬಗೆ

ಲೋಕಸಭೆ ಚುನಾವಣೆ ಘೋಷಣೆಯಾಯಿತೆಂದರೆ ತಿಪಟೂರಿನ ನನ್ನ ಕೊಬ್ಬರಿ ಮಂಡಿಗೆ ಬರುವವರು ಧಾರಣೆ ಕೇಳುವುದಕ್ಕೆ ಮೊದಲು "ಈ ಸಲ ಯಾರು ಬರುತ್ತಾರೆ ಸಾಹುಕಾರರೇ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಉತ್ತರ ಹೇಳುವ ಬದಲು ಲೆಕ್ಕ ಹಾಕುವ ಬಗೆಯನ್ನೇ ಬರೆದಿಡುತ್ತಿದ್ದೇನೆ. ಇದಕ್ಕೆ ಬೇಕಾದದ್ದು ಕಳೆದ ಚುನಾವಣೆಯ ಫಲಿತಾಂಶ, ಒಂದು ನೋಟ್‌ಪುಸ್ತಕ, ಮತ್ತು ನಿಮ್ಮ ಪಕ್ಷದ ಮೇಲಿನ ಮೋಹವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುವ ಮನಸ್ಸು. ಮೂರನೆಯದು ಅಂಗಡಿಯಲ್ಲಿ ಸಿಗುವುದಿಲ್ಲ.

ಮೊದಲು ಹಳೆಯ ಲೆಕ್ಕ

ಸಮೀಕ್ಷೆಯಿಂದ ಶುರು ಮಾಡಬೇಡಿ. 543 ಸ್ಥಾನಗಳನ್ನು ರಾಜ್ಯವಾರು ಬರೆದುಕೊಳ್ಳಿ: ಉತ್ತರ ಪ್ರದೇಶ 80, ಮಹಾರಾಷ್ಟ್ರ 48, ಪಶ್ಚಿಮ ಬಂಗಾಳ 42, ಬಿಹಾರ 40, ತಮಿಳುನಾಡು 39, ಹೀಗೆ ನಮ್ಮ 28ರವರೆಗೆ, ಅದರ ಕೆಳಗೆ ಉಳಿದವು. ಪ್ರತಿ ರಾಜ್ಯದ ಮುಂದೆ ಕಳೆದ ಸಲ ಯಾರಿಗೆ ಎಷ್ಟು ಎಂದು ಬರೆದು, ಅವರಿಗೆ ಇನ್ನೂ ಮೇಲೇರಲು ಜಾಗವಿದೆಯೇ ಎಂದು ನೋಡಿ.

2019ರಲ್ಲಿ ಬಿಜೆಪಿ ಗುಜರಾತಿನ 26ಕ್ಕೆ 26, ಹರಿಯಾಣದ 10ಕ್ಕೆ 10, ದೆಹಲಿಯ 7ಕ್ಕೆ 7, ಮಧ್ಯಪ್ರದೇಶದ 29ರಲ್ಲಿ 28, ಕರ್ನಾಟಕದ 28ರಲ್ಲಿ 25 ಗೆದ್ದಿತ್ತು. ಇಲ್ಲೆಲ್ಲ ಇಳಿಯುವುದಕ್ಕೆ ಜಾಗವಿತ್ತೇ ಹೊರತು ಏರುವುದಕ್ಕೆ ಇರಲಿಲ್ಲ. 2024ರಲ್ಲಿ ಬಿಜೆಪಿ ನೇತೃತ್ವದ ಎನ್‌ಡಿಎ ಕೂಟ "ನಾನೂರು ದಾಟುತ್ತದೆ" ಎನ್ನುತ್ತಿದ್ದವರನ್ನು ಕೇಳಬೇಕಿದ್ದದ್ದು ಒಂದೇ ಮಾತು: ಹೆಚ್ಚುವರಿ ಸ್ಥಾನಗಳು ಯಾವ ರಾಜ್ಯದಿಂದ ಬರುತ್ತವೆ, ಹೆಸರು ಹೇಳಿ. ಕೊನೆಗೆ ಹರಿಯಾಣ 5ಕ್ಕೆ, ಕರ್ನಾಟಕ 17ಕ್ಕೆ, ಉತ್ತರ ಪ್ರದೇಶ 62ರಿಂದ 33ಕ್ಕೆ ಇಳಿಯಿತು. ಉತ್ತರ ಪ್ರದೇಶದ ಕುಸಿತವನ್ನು ಈ ಪಟ್ಟಿ ಮುಂಚೆಯೇ ಹೇಳುತ್ತಿರಲಿಲ್ಲ, ನಿಜ. ಆದರೆ ನಾನೂರರ ಮಾತಿಗೆ ಆಧಾರವಿಲ್ಲವೆಂಬುದನ್ನು ಖಂಡಿತ ಹೇಳುತ್ತಿತ್ತು.

ಸಮೀಕ್ಷೆಯನ್ನು ಓದುವ ಬಗೆ

ಕೊಬ್ಬರಿ ಚೀಲದ ಗುಣಮಟ್ಟ ನೋಡುವವನು ಬಾಯಲ್ಲಿರುವ ನಾಲ್ಕು ಗಿಟುಕನ್ನು ನೋಡಿ ಬೆಲೆ ಕೂಗುವುದಿಲ್ಲ. ಚೀಲದ ನಡುವಿಗೂ ತಳಕ್ಕೂ ಕೈ ಹಾಕುತ್ತಾನೆ. ಸಮೀಕ್ಷೆಯಲ್ಲೂ ಎಷ್ಟು ಜನರನ್ನು ಕೇಳಿದರು ಎನ್ನುವುದಕ್ಕಿಂತ ಎಲ್ಲಿಯವರನ್ನು ಕೇಳಿದರು ಎನ್ನುವುದು ದೊಡ್ಡದು. ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ ಮತ ಪ್ರಮಾಣದಲ್ಲಿ ಮೂರು ಶೇಕಡಾಂಶ ಆಚೀಚೆ ಆಗಬಹುದು. ಅದನ್ನು ಒಂದೂವರೆಗೆ ಇಳಿಸಲು ನಾಲ್ಕು ಸಾವಿರ ಜನ ಬೇಕು. ಆಯ್ಕೆಯೇ ಸರಿಯಿಲ್ಲದಿದ್ದರೆ ಲಕ್ಷ ಜನರನ್ನು ಕೇಳಿಯೂ ಪ್ರಯೋಜನವಿಲ್ಲ. ಮೊಬೈಲ್‌ನಲ್ಲಿ ಗುಂಡಿ ಒತ್ತಿಸುವ "ನಿಮ್ಮ ಓಟು ಯಾರಿಗೆ" ಆಟಗಳನ್ನು ನಾನು ಸಮೀಕ್ಷೆಯೆಂದು ಎಣಿಸುವುದೇ ಇಲ್ಲ.

ಸಮೀಕ್ಷೆ ಕಂಡೊಡನೆ ಸ್ಥಾನಗಳ ಅಂಕಿಯನ್ನು ಬೆರಳಿನಿಂದ ಮುಚ್ಚಿ ಮತ ಪ್ರಮಾಣವನ್ನು ಹುಡುಕಿ. ಅದನ್ನು ಪ್ರಕಟಿಸಿಲ್ಲವಾದರೆ ಪುಟ ತಿರುವಿ. ಯಾವ ದಿನಗಳಲ್ಲಿ ಕೇಳಿದರು ಎಂಬುದನ್ನೂ ಬರೆದುಕೊಳ್ಳಿ; ಅಭ್ಯರ್ಥಿಗಳ ಹೆಸರು ಹೊರಬೀಳುವ ಮೊದಲು ಕೇಳಿದ್ದಕ್ಕೆ ನಮ್ಮ ಕಡೆ ಬೆಲೆ ಕಡಿಮೆ.

ಹತ್ತು ಸಮೀಕ್ಷೆಗಳ ಸರಾಸರಿ ತೆಗೆದರೆ ತಪ್ಪು ತೊಳೆದುಹೋಗುತ್ತದೆ ಎಂಬ ನಂಬಿಕೆಯೂ ಬೇಡ. ಹತ್ತೂ ಒಂದೇ ಕಡೆಗೆ ವಾಲುವುದುಂಟು. 2004ರಲ್ಲಿ ಬಹುತೇಕ ಎಲ್ಲರೂ ವಾಜಪೇಯಿ ಸರ್ಕಾರವೇ ಮುಂದೆ ಎಂದರು. ಬಂದದ್ದು ಬಿಜೆಪಿಗೆ 138, ಕಾಂಗ್ರೆಸ್ಸಿಗೆ 145. 2014 ಮತ್ತು 2019ರಲ್ಲಿ ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದರೂ ಬಹುತೇಕರು ಗೆಲುವಿನ ಗಾತ್ರವನ್ನು ಕಡಿಮೆ ಹೇಳಿದರು. 2024ರ ಜೂನ್ 1ರ ಸಂಜೆ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ರ ಮೇಲೆ ಕೊಟ್ಟವು, ಕೆಲವು ನಾನೂರನ್ನೂ ಮುಟ್ಟಿದವು. ಜೂನ್ 4ರಂದು ಸಿಕ್ಕಿದ್ದು 293, ಬಿಜೆಪಿಗೆ ಒಂಟಿಯಾಗಿ 240. ಸಮೀಕ್ಷಕರೊಬ್ಬರು ನೇರಪ್ರಸಾರದಲ್ಲೇ ಕಣ್ಣೀರು ಹಾಕಿದರು. ಆದ್ದರಿಂದ ಸರಾಸರಿ ಬಂದ ಮೇಲೆ ಅದರ ಎರಡೂ ಪಕ್ಕಕ್ಕೆ ಐವತ್ತು ಸ್ಥಾನ ಬಿಡುವುದು ನನ್ನ ಪದ್ಧತಿ. ಹೆಚ್ಚಾಯಿತು ಎನ್ನುವವರು ಈ ವರ್ಷಗಳನ್ನು ಇನ್ನೊಮ್ಮೆ ಓದಲಿ.

ಮತ ಸ್ಥಾನವಾಗುವ ಜಾಗ

ಅಂದಾಜುಗಳು ಹೆಚ್ಚಾಗಿ ಹಳ್ಳ ಹಿಡಿಯುವುದು ಇಲ್ಲೇ. 2019ರಿಂದ 2024ಕ್ಕೆ ದೇಶದಲ್ಲಿ ಬಿಜೆಪಿಯ ಮತ ಇಳಿದದ್ದು ಒಂದು ಶೇಕಡಾಂಶಕ್ಕಿಂತ ಕಡಿಮೆ. ಸ್ಥಾನ ಇಳಿದದ್ದು 63. ತಮಿಳುನಾಡಿನಲ್ಲಿ ಅದು ಶೇ 11ರಷ್ಟು ಮತ ಪಡೆದು ಒಂದೂ ಸ್ಥಾನ ಗೆಲ್ಲಲಿಲ್ಲ, ಉತ್ತರ ಪ್ರದೇಶದಲ್ಲಿ ಕಳೆದುಕೊಂಡ ಮತಕ್ಕೆ ಸ್ಥಾನಗಳು ಸಾಲಾಗಿ ಉರುಳಿದವು. ದೇಶದ ಒಟ್ಟು ಮತ ಪ್ರಮಾಣವನ್ನು ಹಿಡಿದು ಸ್ಥಾನ ಹೇಳಲು ಹೊರಟವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ನಮ್ಮ ರಾಜ್ಯದಲ್ಲೇ ನೋಡಿ. 2018ರ ವಿಧಾನಸಭೆಯಲ್ಲಿ ಬಿಜೆಪಿಗೆ ಶೇ 36ರಷ್ಟು ಮತ, 104 ಸ್ಥಾನ. 2023ರಲ್ಲಿ ಹೆಚ್ಚುಕಡಿಮೆ ಅಷ್ಟೇ ಮತ, ಸ್ಥಾನ 66. ಅದರ ಮತ ಕದಲಲಿಲ್ಲ. ಎದುರಿನ ಮತ ಒಂದೇ ಕಡೆ ಗುಡ್ಡೆಯಾಯಿತು. ಒಂದೇ ವರ್ಷಕ್ಕೆ ಆಟ ತಿರುಗಿತು. 2023ರಲ್ಲಿ ಶೇ 42.9 ಮತ ಪಡೆದು 135 ಸ್ಥಾನ ಗೆದ್ದ ಕಾಂಗ್ರೆಸ್, 2024ರಲ್ಲಿ ಶೇ 45.4ಕ್ಕೆ ಏರಿಯೂ 28ರಲ್ಲಿ 9 ಮಾತ್ರ ಗೆದ್ದಿತು. ಬಿಜೆಪಿಯ 46.1 ಮತ್ತು ಜೆಡಿಎಸ್‌ನ 5.6 ಒಟ್ಟಾಗಿದ್ದವು.

ಇದನ್ನು ಅಳೆಯಲು ಒಂದು ಸುಲಭ ಲೆಕ್ಕವಿದೆ. ಚುನಾವಣಾ ವಿಶ್ಲೇಷಕರಾದ ಪ್ರಣಯ್ ರಾಯ್, ಅಶೋಕ್ ಲಾಹಿರಿ ಮೊದಲಾದವರು 1980ರ ದಶಕದಲ್ಲಿ ಬಳಕೆಗೆ ತಂದದ್ದು: ವಿರೋಧಿಗಳ ಒಗ್ಗಟ್ಟಿನ ಸೂಚ್ಯಂಕ. ಒಂದು ಪಕ್ಷಕ್ಕೆ ಬೀಳದ ಮತವನ್ನೆಲ್ಲ ಕೂಡಿ, ಅದರಲ್ಲಿ ಎದುರಿನ ದೊಡ್ಡ ಪಕ್ಷದ ಅಥವಾ ಕೂಟದ ಪಾಲು ನೂರಕ್ಕೆ ಎಷ್ಟೆಂದು ತೆಗೆಯಿರಿ. ಕಾಂಗ್ರೆಸ್ಸಿನ ಎದುರು 2023ರಲ್ಲಿ ಇದು ಸುಮಾರು 63, 2024ರಲ್ಲಿ ಸುಮಾರು 95. ಕ್ಯಾಲ್ಕುಲೇಟರ್‌ನಲ್ಲಿ ಎರಡು ನಿಮಿಷದ ಕೆಲಸ. ಪ್ರತಿ ದೊಡ್ಡ ರಾಜ್ಯಕ್ಕೂ ಮಾಡಿಟ್ಟುಕೊಳ್ಳಿ. ಮೈತ್ರಿ ಕೂಡಿದರೆ, ಮುರಿದರೆ ಮತ್ತೆ ಮಾಡಿ.

ಆದರೆ ಮೈತ್ರಿಯಲ್ಲಿ ಕೂಡುವ ಲೆಕ್ಕ ಯಾವಾಗಲೂ ಕೂಡುವುದಿಲ್ಲ ಎನ್ನುವುದಕ್ಕೆ ನಮ್ಮ ತುಮಕೂರು ಕ್ಷೇತ್ರವೇ ಸಾಕ್ಷಿ. 2014ರ ಕಾಂಗ್ರೆಸ್ ಮತ್ತು ಜೆಡಿಎಸ್ ಮತಗಳನ್ನು ಕೂಡಿದರೆ 2019ರಲ್ಲಿ ಮೈತ್ರಿ ಅಭ್ಯರ್ಥಿ ದೇವೇಗೌಡರು ನಿರಾಯಾಸವಾಗಿ ಗೆಲ್ಲಬೇಕಿತ್ತು. 13 ಸಾವಿರ ಚಿಲ್ಲರೆ ಮತಗಳಿಂದ ಸೋತರು. ಹಾಲಿ ಸಂಸದರಾಗಿದ್ದ ಕಾಂಗ್ರೆಸ್ಸಿನ ಮುದ್ದಹನುಮೇಗೌಡರಿಗೆ ಟಿಕೆಟ್ ತಪ್ಪಿತ್ತು. ಮೇಲೆ ನಾಯಕರು ಕೈ ಕುಲುಕಿದರೂ ಕೆಳಗೆ ಪಂಚಾಯಿತಿ ಮಟ್ಟದಲ್ಲಿ ದಶಕಗಳಿಂದ ಎದುರುಬದುರಾಗಿದ್ದವರು ಒಂದಾಗಲಿಲ್ಲ. 2024ರಲ್ಲಿ ಬಿಜೆಪಿ-ಜೆಡಿಎಸ್ ಒಂದಾದಾಗ ಮತ ಸಲೀಸಾಗಿ ವರ್ಗವಾಯಿತು, ಬಿಜೆಪಿಯ ಸೋಮಣ್ಣ ಒಂದೂ ಮುಕ್ಕಾಲು ಲಕ್ಷದ ಅಂತರದಲ್ಲಿ ಗೆದ್ದರು. ಹೀಗಾಗಿ ಮೈತ್ರಿಯ ಎರಡನೆಯ ಪಕ್ಷದ ಮತವನ್ನು ನಾನು ಪೂರ್ತಿ ಕೂಡುವುದಿಲ್ಲ. ಎರಡೂ ಪಕ್ಷದ ಬೂತ್ ಏಜೆಂಟರು ಒಂದೇ ಶಾಮಿಯಾನದ ಕೆಳಗೆ ಕುಳಿತು ಚೀಟಿ ಬರೆದುಕೊಡುತ್ತಿದ್ದಾರೆಯೇ ಎಂದು ನೋಡಿ ಆಮೇಲೆ ಕೂಡುತ್ತೇನೆ.

ಊರ ಮಾತಿಗೆ ಕಿವಿ ಕೊಡುವುದು

ಗೊಣಗಾಟವನ್ನು ಮತವೆಂದು ತಿಳಿಯಬೇಡಿ. 2024ರ ಬೇಸಿಗೆಯಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ. ಮಾರುಕಟ್ಟೆ ಅದಕ್ಕಿಂತ ತೀರಾ ಕೆಳಗಿತ್ತು. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರಿ ಸಂಸ್ಥೆ ನಾಫೆಡ್‌ನ ಖರೀದಿಗೆ ಹೆಸರು ಬರೆಸಲು ರೈತರು ಸಾಲುಗಟ್ಟಿ ನಿಂತಿದ್ದರು. ಮಂಡಿಯಲ್ಲಿ ಕಿವಿಗೊಟ್ಟರೆ ದೆಹಲಿಯ ಸರ್ಕಾರ ಬಿದ್ದೇಹೋಯಿತು ಎನ್ನಿಸಬೇಕು. ತುರುವೇಕೆರೆ ಕಡೆಯ ಹಿರಿಯರೊಬ್ಬರು ಚೀಲದ ಮೇಲೆ ಕುಳಿತು ಚಹಾ ತಣ್ಣಗಾಗುವವರೆಗೂ ಬೈದರು. "ಹಾಗಾದರೆ ಯಜಮಾನರೇ, ಓಟು ಈ ಸಲ ಬೇರೆ ಕಡೆಗೋ?" ಎಂದೆ. ಅವರು ನನ್ನನ್ನೇ ದಡ್ಡನೆಂಬಂತೆ ನೋಡಿ, "ಅದು ಬೇರೆ ಲೆಕ್ಕ. ಕೊಬ್ಬರಿ ಬಿದ್ದಿತೆಂದು ನಾನೇಕೆ ಬದಲಾಯಿಸಲಿ?" ಎಂದರು. ಫಲಿತಾಂಶ ಬಂದದ್ದು ಹೇಗೆಂದು ಮೇಲೆ ಹೇಳಿದ್ದೇನೆ.

ಊರಿನ ಮಾತಿನಿಂದ ಯಾರಿಗೆ ಎಷ್ಟು ಮತ ಎಂದು ತಿಳಿಯುವುದಿಲ್ಲ. ಕಳೆದ ಸಲಕ್ಕಿಂತ ಯಾರು ಬದಲಾದರು ಎನ್ನುವುದು ಮಾತ್ರ ತಿಳಿಯುತ್ತದೆ. ಹಾಗಾಗಿ "ಯಾರು ಗೆಲ್ಲುತ್ತಾರೆ" ಎಂದು ಕೇಳಬೇಡಿ. ಟಿವಿಯಲ್ಲಿ ಕೇಳಿದ್ದನ್ನೇ ನಿಮಗೆ ಹಿಂದಿರುಗಿಸುತ್ತಾರೆ. "ಹೋದ ಸಲ ಯಾರಿಗೆ ಒತ್ತಿದಿರಿ, ಮನೆಯಲ್ಲಿ ಈ ಸಲ ಬೇರೆ ಮಾತನಾಡುವವರು ಇದ್ದಾರೆಯೇ" ಎಂದು ಕೇಳಿ. ಬದಲಾದವರು ಎರಡೂ ಕಡೆಗೆ ಸಮವಾಗಿದ್ದರೆ ಅಲೆ ಇಲ್ಲ. ಒಂದೇ ದಿಕ್ಕಿನಲ್ಲಿದ್ದರೆ, ಅದೂ ಪರಸ್ಪರ ಪರಿಚಯವಿಲ್ಲದ ಊರುಗಳಲ್ಲಿ, ನೋಟ್‌ಪುಸ್ತಕದಲ್ಲಿ ಅಡಿಗೆರೆ ಎಳೆಯಿರಿ. ಹೆಂಗಸರನ್ನು ಗಂಡಸರ ಮುಂದೆ ಕೇಳಿ ಫಲವಿಲ್ಲ. "ನೋಡೋಣ ಬಿಡಿ" ಎಂದವರನ್ನು ಯಾವ ಕಡೆಗೂ ಸೇರಿಸಬೇಡಿ. ಜೋರಾಗಿ ಜೈಕಾರ ಹಾಕುವವರು, ಬಾಡೂಟಕ್ಕೆ ಬಂದವರು, ಸಭೆಯ ಕುರ್ಚಿಗಳು: ಇವು ಯಾವುವೂ ಲೆಕ್ಕಕ್ಕಿಲ್ಲ.

ವಿಧಾನಸಭೆಯ ಗಾಳಿಯನ್ನು ಲೋಕಸಭೆಗೆ ಎಳೆಯುವುದೂ ನಮ್ಮಲ್ಲಿ ನಡೆಯುವುದಿಲ್ಲ. 1984ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ಸಿಗೆ 28ರಲ್ಲಿ 24 ಕೊಟ್ಟ ಕರ್ನಾಟಕ, ಮೂರೇ ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಕೊಟ್ಟಿತು.

ಕಿವಿಯಲ್ಲಿ ಕೇಳಿದ್ದನ್ನು ಕಾಗದದ ಜೊತೆ ಹೋಲಿಸಲು ನಮೂನೆ 20 ಬೇಕು. ಪ್ರತಿ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತೆಂಬ ಪಟ್ಟಿ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ನಿಮಗೆ ಓಡಾಟವಿರುವ ಒಂದಿಷ್ಟು ಮತಗಟ್ಟೆಗಳನ್ನು ಆರಿಸಿ: ಒಂದು ಪಕ್ಷ ಸದಾ ಗೆಲ್ಲುವಂಥವು, ಇನ್ನೊಂದು ಗೆಲ್ಲುವಂಥವು, ಹೆಚ್ಚಾಗಿ ತೂಗಾಡುವಂಥವು. ನಮ್ಮ ಊರಿನದೊಂದನ್ನೇ ನೋಡಿ ದೇಶ ಹೇಳುವವರು ಬಹಳ.

ಮತದಾನ ಮುಗಿದ ರಾತ್ರಿ ನಿಮ್ಮ ಅಂದಾಜನ್ನು ಕಡಿಮೆಯಿಂದ ಹೆಚ್ಚು ಇಷ್ಟೆಂದು ಬರೆದು ತಾರೀಕು ಹಾಕಿ. ಬಾಜಿ ಕಟ್ಟಬೇಡಿ, ಕುರಿ, ತೋಟ ಪಣಕ್ಕಿಟ್ಟವರ ಕಥೆ ಇಲ್ಲಿ ಬೇಡ. ಎಣಿಕೆಯ ದಿನ ಬೆಳಿಗ್ಗೆ ಎಂಟಕ್ಕೆ ಶುರುವಾಗುವ ಅಂಚೆ ಮತಗಳ ಮುನ್ನಡೆಗೆ ಕುಣಿಯಬೇಡಿ. ವಿಧಾನಸಭಾ ಕ್ಷೇತ್ರವೊಂದಕ್ಕೆ ಸಾಮಾನ್ಯವಾಗಿ 14 ಮೇಜು, ಒಂದು ಸುತ್ತೆಂದರೆ 14 ಮತಗಟ್ಟೆ, ಅದೂ ಕ್ರಮಸಂಖ್ಯೆಯ ಪ್ರಕಾರ. ಮೊದಲ ಸುತ್ತುಗಳಲ್ಲಿ ಕಾಣುವುದು ತಾಲ್ಲೂಕಿನ ಒಂದು ಮೂಲೆ ಮಾತ್ರ. ಅದೇ ಮತಗಟ್ಟೆಗಳಲ್ಲಿ ಕಳೆದ ಸಲ ಏನಾಗಿತ್ತೆಂದು ನಮೂನೆ 20ರಲ್ಲಿ ನೋಡಿ ಹೋಲಿಸಿ. ಸುತ್ತುವಾರು ಅಂಕಿಗಳು ಎಣಿಕೆ ಕೇಂದ್ರದ ಹೊರಗಿರುವ ಪಕ್ಷದವರಿಂದ ವಾಟ್ಸ್‌ಆ್ಯಪ್‌ಗೆ ಬರುತ್ತಿರುತ್ತವೆ. ಎರಡೂ ಪಕ್ಷದ ಗುಂಪಿನಲ್ಲಿರುವ ಒಬ್ಬ ಸ್ನೇಹಿತನನ್ನು ಮುಂಚೆಯೇ ಹಿಡಿದಿಟ್ಟುಕೊಳ್ಳಿ. ಯಾವ ಗುಂಪಿನಲ್ಲಿ ಅಂಕಿ ಬರುವುದು ಮೊದಲು ನಿಲ್ಲುತ್ತದೆಯೋ ಆ ಪಕ್ಷದ ಲೆಕ್ಕ ಅಲ್ಲಿಗೆ ಮುಗಿದಿರುತ್ತದೆ.