ವಿಶ್ವವಿದ್ಯಾಲಯದ ನಿಯಮವೊಂದನ್ನು ಕರಡಿನಿಂದ ಜಾರಿಯವರೆಗೆ ಒಯ್ಯುವ ಬಗೆ

ಹೊಸ ನಿಯಮದ ಕರಡು ಬರೆಯಲು ಕೂರುವ ಮೊದಲು ಅದು ಯಾವ ಮೆಟ್ಟಿಲಿಗೆ ಸೇರಿದ್ದು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಕಾಯ್ದೆ ಅಥವಾ ಸನ್ನದು ಎಲ್ಲಕ್ಕಿಂತ ಮೇಲಿರುತ್ತದೆ. ಅದರ ಕೆಳಗೆ ಪರಿನಿಯಮ (ಸ್ಟ್ಯಾಚ್ಯೂಟ್), ಅಧ್ಯಾದೇಶ (ಆರ್ಡಿನೆನ್ಸ್) ಮತ್ತು ವಿನಿಯಮಗಳು (ರೆಗ್ಯುಲೇಶನ್), ಇನ್ನೂ ಕೆಳಗೆ ನೀತಿ, ಕಾರ್ಯವಿಧಾನ, ಮಾರ್ಗಸೂಚಿ ಹಾಗೂ ಸುತ್ತೋಲೆಗಳು ಬರುತ್ತವೆ. ಹೆಸರುಗಳು ಒಂದೊಂದು ಕಡೆ ಒಂದೊಂದು ರೀತಿ ಇದ್ದರೂ ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ ಎಂಬ ತತ್ವ ಎಲ್ಲೆಡೆಯೂ ಒಂದೇ. ಪದವಿಗೆ ಬೇಕಾದ ಕನಿಷ್ಠ ಅಂಕವನ್ನು ವಿನಿಯಮ ನಿಗದಿಪಡಿಸಿರುವಾಗ ಅದನ್ನು ಸುತ್ತೋಲೆಯ ಮೂಲಕ ಬದಲಾಯಿಸಿದರೆ, ಪ್ರಶ್ನಿಸುವ ಮೊದಲ ವಿದ್ಯಾರ್ಥಿಯ ಮುಂದೆಯೇ ಆ ಸುತ್ತೋಲೆ ಬಿದ್ದುಹೋಗುತ್ತದೆ.

ಮೆಟ್ಟಿಲು ತಿಳಿದರೆ ಅನುಮೋದಿಸುವ ಅಧಿಕಾರ ಯಾರದು ಎಂಬುದೂ ತಿಳಿಯುತ್ತದೆ. ಭಾರತದ ಕೇಂದ್ರೀಯ ವಿಶ್ವವಿದ್ಯಾಲಯಗಳ 2009ರ ಕಾಯ್ದೆಯಡಿ ಕಾರ್ಯಕಾರಿ ಪರಿಷತ್ತು ಪರಿನಿಯಮವನ್ನು ರೂಪಿಸಬಹುದಾದರೂ, ‘ಸಂದರ್ಶಕ’ (ವಿಸಿಟರ್) ಎಂಬ ಸ್ಥಾನದಲ್ಲಿರುವ ರಾಷ್ಟ್ರಪತಿಯವರ ಸಮ್ಮತಿ ದೊರೆಯದೆ ಅದಕ್ಕೆ ಬಲ ಬರುವುದಿಲ್ಲ. ಅಷ್ಟೇ ಅಲ್ಲ, ಯಾವುದೇ ಪ್ರಾಧಿಕಾರದ ಸ್ಥಾನಮಾನ ಅಥವಾ ಅಧಿಕಾರವನ್ನು ಬದಲಿಸುವ ಪರಿನಿಯಮ ತರುವ ಮೊದಲು ಆ ಪ್ರಾಧಿಕಾರಕ್ಕೆ ಲಿಖಿತ ಅಭಿಪ್ರಾಯ ನೀಡಲು ಅವಕಾಶ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕೇಂಬ್ರಿಜ್‌ನಲ್ಲಿ ‘ಗ್ರೇಸ್’ ಎಂಬ ಪ್ರಸ್ತಾವವನ್ನು ವಿಶ್ವವಿದ್ಯಾಲಯದ ಅಧಿಕೃತ ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಗೊತ್ತಾದ ಅವಧಿಯಲ್ಲಿ ಯಾರೂ ಮತದಾನ ಕೋರದಿದ್ದರೆ ಅದು ಅಂಗೀಕಾರವಾದಂತೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತಿಗೆ ಅಲ್ಲಿ ಕಾನೂನಿನ ಬಲವೇ ಇದೆ ಎನ್ನಬಹುದು. ಆದ್ದರಿಂದ ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು, ಹಣದ ಹೊರೆ ಇದ್ದರೆ ಹಣಕಾಸು ಸಮಿತಿ, ಕೊನೆಗೆ ಆಡಳಿತ ಮಂಡಳಿ, ಹೀಗೆ ಕಡತ ಸಾಗಬೇಕಾದ ದಾರಿಯನ್ನು ಮೊದಲ ಪುಟದಲ್ಲಿಯೇ ಬರೆದಿಡಿ.

ನಂತರ ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ. ಯಾವ ತೊಂದರೆ ಎದುರಾಗಿದೆ, ಹಾಲಿ ನಿಯಮ ಏನು ಹೇಳುತ್ತದೆ, ಹೊಸ ನಿಯಮವನ್ನು ದಿನನಿತ್ಯ ಪಾಲಿಸುವ ಹೊಣೆ ಯಾವ ಕಚೇರಿಯದು ಎಂಬುದಿಷ್ಟೇ ಅದರಲ್ಲಿರಲಿ. ಅನೇಕ ಬಾರಿ ಈ ಟಿಪ್ಪಣಿ ಬರೆಯುವಾಗಲೇ, ನಿಯಮ ಈಗಾಗಲೇ ಇದೆ, ಅದನ್ನು ಯಾರೂ ಪಾಲಿಸುತ್ತಿಲ್ಲ ಎಂಬುದು ಬಯಲಾಗುತ್ತದೆ. ಆಗ ಹೊಸ ನಿಯಮ ಬರೆಯುವುದು ಬೇಡ.

ಕರಡಿನ ಭಾಷೆಗೆ ಹೆಚ್ಚು ಸಮಯ ಕೊಡುವುದು ಒಳ್ಳೆಯದು. ಉದಾಹರಣೆಗೆ ಈ ವಾಕ್ಯವನ್ನು ನೋಡಿ: ‘ಮರುಮೌಲ್ಯಮಾಪನದ ಅರ್ಜಿಗಳನ್ನು ಫಲಿತಾಂಶ ಬಂದ 15 ದಿನಗಳೊಳಗೆ ಸಲ್ಲಿಸಬೇಕು, ಅವುಗಳನ್ನು ಶೀಘ್ರವಾಗಿ ಪರಿಶೀಲಿಸಲಾಗುವುದು.’ ಓದಲು ಸರಿಯಾಗಿಯೇ ಇದೆ. ಆದರೆ ಫಲಿತಾಂಶ ಪ್ರಕಟವಾದ ದಿನ ಲೆಕ್ಕಕ್ಕೆ ಬರುತ್ತದೆಯೇ, ಹದಿನೈದನೆಯ ದಿನ ರಜೆಯಿದ್ದರೆ ಏನು, ಪರಿಶೀಲಿಸುವವರು ಯಾರು, ಶೀಘ್ರ ಎಂದರೆ ಎಷ್ಟು ದಿನ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಅದನ್ನೇ ಹೀಗೆ ತಿದ್ದಬಹುದು: ‘ಫಲಿತಾಂಶ ಪ್ರಕಟವಾದ ಮರುದಿನದಿಂದ 15 ದಿನಗಳೊಳಗೆ ವಿದ್ಯಾರ್ಥಿಯು ಪರೀಕ್ಷಾ ವಿಭಾಗಕ್ಕೆ ಅರ್ಜಿ ಸಲ್ಲಿಸತಕ್ಕದ್ದು, ಕೊನೆಯ ದಿನ ರಜೆಯಾಗಿದ್ದರೆ ಮುಂದಿನ ಕೆಲಸದ ದಿನವನ್ನು ಕೊನೆಯ ದಿನವೆಂದು ಪರಿಗಣಿಸತಕ್ಕದ್ದು. ಪರೀಕ್ಷಾಂಗ ಕುಲಸಚಿವರು ಅರ್ಜಿ ತಲುಪಿದ 30 ದಿನಗಳೊಳಗೆ ನಿರ್ಣಯವನ್ನು ಲಿಖಿತವಾಗಿ ತಿಳಿಸತಕ್ಕದ್ದು.’ ‘ಲಾಗುವುದು’ ಎಂದು ಮುಗಿಯುವ ಪ್ರತಿ ವಾಕ್ಯದ ಪಕ್ಕದಲ್ಲೂ ‘ಯಾರು?’ ಎಂದು ಪೆನ್ಸಿಲ್ಲಿನಲ್ಲಿ ಬರೆಯುವುದು ನನ್ನ ಹಳೆಯ ಅಭ್ಯಾಸ. ನಮ್ಮ ಕಚೇರಿ ಕನ್ನಡದಲ್ಲಿ ಹೊಣೆಗಾರರು ಕಣ್ಮರೆಯಾಗುವುದು ಹೆಚ್ಚಾಗಿ ಆ ಪ್ರತ್ಯಯದ ಹಿಂದೆಯೇ. ಹಾಗೆಯೇ ‘ತಕ್ಕದ್ದು’ ಕಡ್ಡಾಯವನ್ನೂ ‘ಬಹುದು’ ವಿವೇಚನೆಯನ್ನೂ ಸೂಚಿಸುವುದರಿಂದ ಅವೆರಡನ್ನು ಅದಲುಬದಲಾಗಿ ಬಳಸಬಾರದು.

ಕರಡನ್ನು ಅಭಿಪ್ರಾಯಕ್ಕೆ ಕಳುಹಿಸುವಾಗ ಪ್ರಾಧ್ಯಾಪಕರು ಮತ್ತು ವಿದ್ಯಾರ್ಥಿ ಪ್ರತಿನಿಧಿಗಳ ಜೊತೆಗೆ ಕೌಂಟರಿನಲ್ಲಿ ಕುಳಿತು ಅರ್ಜಿ ಸ್ವೀಕರಿಸುವ ಸಿಬ್ಬಂದಿಯನ್ನೂ ಕೇಳಬೇಕು. ನಿಯಮ ಎಲ್ಲಿ ತಡವರಿಸುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಸಮಿತಿಯ ಸದಸ್ಯರಿಗೆ ಗೊತ್ತಿರುವುದಿಲ್ಲ. ಪರೀಕ್ಷೆಯ ವೇಳೆಯಲ್ಲಿ ಕಳುಹಿಸಿ ಯಾರೂ ಉತ್ತರಿಸಲಿಲ್ಲ ಎಂದು ಟಿಪ್ಪಣಿ ಹಾಕುವುದು ಸಮಾಲೋಚನೆ ಎನಿಸದು. ಬಂದ ಸಲಹೆಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದು ಕಡತದಲ್ಲಿ ಉಳಿಯಬೇಕು.

ಸಭೆಗೆ ಮಂಡಿಸುವಾಗ ಹಾಲಿ ಪಠ್ಯ, ಉದ್ದೇಶಿತ ಪಠ್ಯ ಮತ್ತು ಕಾರಣ ಎಂಬ ಮೂರು ಅಂಕಣಗಳ ಪಟ್ಟಿಯನ್ನು ಕಾರ್ಯಸೂಚಿಯೊಂದಿಗೆ ಲಗತ್ತಿಸಿ. ನಾನು ಕರಡು ಸಮಿತಿಯಲ್ಲಿದ್ದ ಒಂದು ಕಡೆ ‘ಸಭೆಯಲ್ಲಿ ಸೂಚಿಸಿದ ಮಾರ್ಪಾಡುಗಳೊಂದಿಗೆ ಅನುಮೋದಿಸಲಾಯಿತು’ ಎಂದು ನಡಾವಳಿ ಬರೆದು ಮುಗಿಸಿದ್ದರು. ಮಾರ್ಪಾಡುಗಳು ಯಾವುವು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ಮೂರು ತಿಂಗಳ ನಂತರ ಎರಡು ವಿಭಾಗಗಳಲ್ಲಿ ಎರಡು ಬೇರೆ ಬೇರೆ ಪ್ರತಿಗಳು ಜಾರಿಯಲ್ಲಿದ್ದವು. ಅನುಮೋದಿತ ಅಂತಿಮ ಪಠ್ಯವನ್ನು ಪೂರ್ಣವಾಗಿ ನಡಾವಳಿಯ ಅನುಬಂಧದಲ್ಲಿ ಸೇರಿಸಿದ್ದರೆ ಆ ಪೇಚಾಟವೇ ಇರುತ್ತಿರಲಿಲ್ಲ.

ಅನುಮೋದನೆಯ ದಿನಾಂಕ ಬೇರೆ, ಜಾರಿಯ ದಿನಾಂಕ ಬೇರೆ, ಎರಡನ್ನೂ ನಮೂದಿಸಬೇಕು. ಹಾಲಿ ವಿದ್ಯಾರ್ಥಿಗಳಿಗೆ ಹೊಸ ನಿಯಮ ಅನ್ವಯಿಸುತ್ತದೆಯೇ ಎಂಬುದನ್ನು ಪರಿವರ್ತನಾ ಉಪಬಂಧದಲ್ಲಿ ಸ್ಪಷ್ಟಪಡಿಸಬೇಕು. ಪ್ರವೇಶ ಪಡೆದಾಗಿದ್ದ ನಿಯಮವನ್ನು ನಂಬಿ ಓದುತ್ತಿರುವವರಿಗೆ ಹೊಸದು ಹೊರೆಯಾಗುವುದಾದರೆ, ಮುಂದಿನ ತಂಡದಿಂದ ಜಾರಿಗೆ ತರುವುದೇ ನ್ಯಾಯ. ರದ್ದಾಗುವ ಹಳೆಯ ಸುತ್ತೋಲೆಗಳನ್ನು ಸಂಖ್ಯೆ ಮತ್ತು ದಿನಾಂಕದೊಂದಿಗೆ ಹೆಸರಿಸಬೇಕು.

ಪರಿಷ್ಕರಣೆಗೂ ಇದೇ ದಾರಿ. ಕಚೇರಿಯ ಹೆಸರು ಬದಲಾದಾಗ ಅಥವಾ ಅಕ್ಷರದೋಷ ಕಂಡಾಗ ತಿದ್ದುವ ಅಧಿಕಾರವನ್ನು ಕುಲಸಚಿವರಿಗೆ ಮೊದಲೇ ವಹಿಸಿಕೊಟ್ಟಿದ್ದರೆ ಕೆಲಸ ಹಗುರಾಗುತ್ತದೆ. ಹಕ್ಕು, ಹೊಣೆ, ಶುಲ್ಕ ಅಥವಾ ಶಿಕ್ಷೆಯನ್ನು ಮುಟ್ಟುವ ಬದಲಾವಣೆಯಾದರೆ ಅನುಮೋದಿಸಿದ ಸಭೆಗೇ ಮರಳಬೇಕು. ತಿದ್ದಿದ ಪ್ರತಿಯ ಕೊನೆಯಲ್ಲಿ ಆವೃತ್ತಿಯ ಸಂಖ್ಯೆ, ಸಭೆಯ ದಿನಾಂಕ ಮತ್ತು ಬದಲಾದ ಖಂಡಗಳನ್ನು ನಮೂದಿಸಿ, ಹಳೆಯ ಆವೃತ್ತಿಯನ್ನು ಅಳಿಸದೆ ‘ಇಂಥ ದಿನದವರೆಗೆ ಜಾರಿಯಲ್ಲಿತ್ತು’ ಎಂಬ ಷರಾದೊಂದಿಗೆ ಉಳಿಸಿಡಿ. ಹತ್ತು ವರ್ಷದ ಹಿಂದೆ ಓದಿದವರು ಅಂಕಪಟ್ಟಿಯ ತಕರಾರು ತಂದಾಗ ಮೇಜಿನ ಮೇಲೆ ಬೇಕಾಗುವುದು ಆ ಹಳೆಯ ಪ್ರತಿಯೇ.