ಸೇವಂತಿಗೆ ಬುಡವನ್ನು ಮಳೆಗಾಲ ದಾಟಿಸುವುದು

ದೀಪಾವಳಿ ಹೊತ್ತಿಗೆ ನರ್ಸರಿಯಿಂದ ಹಳದಿ ಸೇವಂತಿಗೆ ಕುಂಡ ತರುತ್ತೇವೆ, ಹೂ ಬಾಡಿದ ಮೇಲೆ ಗಿಡವನ್ನೂ ಬಿಸಾಡುತ್ತೇವೆ. ಚಿಕ್ಕಮಗಳೂರಿನ ನಮ್ಮ ಬೀದಿಯಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ. ಆದರೆ ಇದು ಒಂದೇ ವರ್ಷದ ಗಿಡ ಅಲ್ಲ. ಮೇಲಿನ ಕಾಂಡ ಒಣಗಿದರೂ ಬುಡ ಬದುಕಿರುತ್ತದೆ. ನಮ್ಮ ಅಂಗಳದಲ್ಲಿರುವುದೆಲ್ಲ ಹಾಗೆ ಉಳಿಸಿಕೊಂಡ ಬುಡದ ಮಕ್ಕಳೇ.

ಹೂ ಮುಗಿದ ಕೂಡಲೇ ಮಣ್ಣಿನಿಂದ ನಾಲ್ಕೈದು ಇಂಚು ಬಿಟ್ಟು ಕಾಂಡ ಕತ್ತರಿಸುತ್ತೇನೆ. ಸ್ವಲ್ಪ ದಿನದಲ್ಲಿ ಬುಡದ ಸುತ್ತ ಕಂದುಗಳು ಏಳುತ್ತವೆ. ಅವನ್ನು ಬೇರು ಸಮೇತ ಬಿಡಿಸಿ ಬೇರೆ ಬೇರೆ ನೆಟ್ಟರಾಯಿತು. ಕಂದು ಸಾಲದಿದ್ದರೆ ಚಿಗುರಿನ ತುದಿಯನ್ನು ಎರಡು ಮೂರು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಊರಿ ನೆರಳಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಬೀಜದ ತಂಟೆ ಬೇಡ, ಅದರಿಂದ ತಾಯಿಗಿಡದ ಹೂವೇ ಬರುತ್ತದೆ ಅಂತ ಹೇಳೋಕಾಗಲ್ಲ.

ಮಣ್ಣಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ.

ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಕಡೂರು ಕಡೆಯ ಬಯಲಿನಲ್ಲಿ ಮಳೆ ಕಡಿಮೆ, ಗಿಡ ಹೇಗೋ ತಡೆದುಕೊಳ್ಳುತ್ತದೆ. ನಮ್ಮಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಬಿಡುವುದಿಲ್ಲ. ಸೇವಂತಿಗೆಗೆ ಬಾಯಾರಿಕೆಗಿಂತ ಬುಡದಲ್ಲಿ ನಿಂತ ನೀರೇ ಜಾಸ್ತಿ ಅಪಾಯ, ಬೇರು ಕೊಳೆಯುತ್ತದೆ. ಅದಕ್ಕೇ ಕುಂಡಗಳನ್ನು ಸೂರಿನ ಕೆಳಗೆ, ಎರಡೆರಡು ಇಟ್ಟಿಗೆ ಮೇಲೆ ಕೂರಿಸುತ್ತೇನೆ. ತೂತು ನೆಲಕ್ಕೆ ಅಂಟಬಾರದು. ಹಂಚಿನ ನೀರು ಸುರಿಯುವ ಜಾಗವೂ ಬೇಡ. ಕುಂಡ ಕುಂಡಕ್ಕೆ ಗಾಳಿ ಆಡುವಷ್ಟು ಅಂತರ ಬೇಕು. ಇಷ್ಟಾದರೂ ಎಲೆಚುಕ್ಕೆ ರೋಗ ಬರಬಹುದು. ಮೊದಲು ಕೆಳಗಿನ ಎಲೆಯಲ್ಲಿ ಕಪ್ಪು ಮಚ್ಚೆ, ಆಮೇಲೆ ಎಲೆ ಹಳದಿಯಾಗಿ ಹಾಗೇ ಮೇಲಕ್ಕೆ ಹತ್ತುತ್ತದೆ. ಕಂಡ ಕೂಡಲೇ ಆ ಎಲೆಗಳನ್ನು ಕಿತ್ತು ಬಚ್ಚಲ ಒಲೆಗೆ ಹಾಕುತ್ತೇನೆ. ನೀರು ಬುಡಕ್ಕೆ ಮಾತ್ರ, ಅದೂ ಬೆಳಗ್ಗೆ.

ಇದೇ ಸಮಯದಲ್ಲಿ ತುದಿ ಚಿವುಟಬೇಕು. ಗಿಡ ಅರ್ಧ ಅಡಿ ಆದಾಗ ಒಮ್ಮೆ, ಕವಲುಗಳು ಬೆಳೆದ ಮೇಲೆ ಇನ್ನೊಮ್ಮೆ. ಚಿವುಟಿದಷ್ಟೂ ಕವಲು, ಕವಲಿದ್ದಷ್ಟೂ ಹೂ. ನಮ್ಮತ್ತೆಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, 'ಬೆಳೆಯೋದನ್ನ ಯಾಕಮ್ಮ ಮುರೀತೀಯಾ' ಅನ್ನುತ್ತಾರೆ. ಆಗಸ್ಟ್ ಮಧ್ಯದ ನಂತರ ಮಾತ್ರ ನಾನು ತುದಿ ಮುಟ್ಟುವುದಿಲ್ಲ, ಹಬ್ಬದ ಹೂ ಬರುವುದು ಅಲ್ಲೇ ಅಲ್ವಾ!

ಇನ್ನೊಂದು ವಿಷಯ ಬೆಳಕಿನದ್ದು. ರಾತ್ರಿ ಉದ್ದವಾಗಿದ್ದರೆ ಮಾತ್ರ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಗೇಟಿನ ಹತ್ತಿರ ಬೀದಿದೀಪದ ಕೆಳಗಿದ್ದ ಕುಂಡ ಸುಮ್ನೆ ಹಸಿರಾಗಿ ಬೆಳೆಯುತ್ತಲೇ ಇತ್ತು, ಒಳಗಿನವು ಮೊಗ್ಗು ತುಂಬಿಕೊಂಡಿದ್ದವು. ಅದನ್ನು ಹಿತ್ತಲಿಗೆ ಸಾಗಿಸಿದ ಮೇಲೆ ತಡವಾಗಿ ಹೂ ಕೊಟ್ಟಿತು. ದೊಡ್ಡ ಬೆಳೆಗಾರರು ರಾತ್ರಿ ಬಲ್ಬು ಉರಿಸಿ ಹೂವನ್ನು ಬೇಕೆಂದೇ ಮುಂದೂಡುವುದೂ ಇದೇ ಲೆಕ್ಕದಲ್ಲಿ.

ಮೊಗ್ಗಿಗೆ ಹೇನು ಹತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸುತ್ತೇನೆ.

ಎರಡನೇ ವರ್ಷ ಗಿಡ ಉದ್ದ ಬೆಳೆದರೆ ಗಾಬರಿ ಬೇಡ. ಕುಂಡದ ಗಿಡ ಕುಳ್ಳಗೆ ದುಂಡಗೆ ಕಾಣಲಿ ಅಂತ ನರ್ಸರಿಗಳಲ್ಲಿ ಬೆಳವಣಿಗೆ ತಡೆಯುವ ಔಷಧಿ ಹೊಡೆಯುವುದುಂಟು. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ಎತ್ತರಕ್ಕೆ ಹೋಗುತ್ತದೆ, ಹೂವಿನ ಭಾರಕ್ಕೆ ವಾಲುತ್ತದೆ. ತೋಟದಲ್ಲಿ ಕಾಫಿ ಕಸಿ ಮಾಡುವಾಗ, ಅಂದರೆ ರೆಂಬೆ ಸವರುವಾಗ, ಬಿದ್ದ ಕಡ್ಡಿಗಳನ್ನು ಇದಕ್ಕೆಂದೇ ಎತ್ತಿಟ್ಟಿರುತ್ತೇನೆ. ಮೊಗ್ಗು ಕಾಣುವ ಮುಂಚೆಯೇ ಕಡ್ಡಿ ಊರಿ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ.